ಹಕ್ಕು ಇದ್ದರೆ ಸಾಲದು, ತಟ್ಟಲು ಬಾಗಿಲೂ ಬೇಕು

ಅಮೆರಿಕದ ಒಕ್ಲಹೋಮಾ ರಾಜ್ಯದಲ್ಲಿ ಮಸ್ಕೋಗಿ ಎಂಬ ಸಣ್ಣ ಊರಿದೆ. 2003ರಲ್ಲಿ ಅಲ್ಲಿನ ಸರಕಾರಿ ಶಾಲೆಯ ಆರನೇ ತರಗತಿಯ ಮುಸ್ಲಿಮ್ ಹುಡುಗಿಯೊಬ್ಬಳು ಶಾಲೆ ಶುರುವಾದ ದಿನದಿಂದ ಹಿಜಾಬ್ ಧರಿಸಿಯೇ ಬರುತ್ತಿದ್ದಳು. ಸೆಪ್ಟಂಬರ್ 11ರಂದು, ನ್ಯೂಯಾರ್ಕ್ ದಾಳಿಗೆ ಸರಿಯಾಗಿ ಎರಡು ವರ್ಷ ತುಂಬಿದ ದಿನ, ಇನ್ನು ಇದನ್ನು ಧರಿಸಿ ಬರಬಾರದು ಎಂದು ಶಾಲೆ ಹೇಳಿತು. ಟೊಪ್ಪಿ, ತಲೆವಸ್ತ್ರ ಕೂಡದು ಎಂಬುದು ಅಲ್ಲಿನ ವಸ್ತ್ರ ನಿಯಮ. ಹುಡುಗಿ ಕೇಳಲಿಲ್ಲ. ಅಕ್ಟೋಬರ್‌ನಲ್ಲಿ ಎರಡು ಬಾರಿ ಆಕೆಯನ್ನು ಅಮಾನತು ಮಾಡಲಾಯಿತು.

ಮನೆಯವರು ಸುಮ್ಮನೆ ಕೂರಲಿಲ್ಲ, ಕೋರ್ಟಿಗೆ ಹೋದರು. 2004ರ ಮಾರ್ಚ್‌ನಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆಯೇ ಹುಡುಗಿಯ ಪರವಾಗಿ ಕೇಸಿನೊಳಗೆ ಬಂತು. ನೆನಪಿಡಿ, ಆಗ ಅಲ್ಲಿದ್ದದ್ದು ಜಾರ್ಜ್ ಬುಷ್ ಸರಕಾರ. ಇರಾಕಿನಲ್ಲಿ ಯುದ್ಧ ನಡೆಯುತ್ತಿದ್ದ ಕಾಲ. ಆದರೂ ಅದೇ ಸರಕಾರದ ವಕೀಲರು ಒಂದು ಮಗುವಿನ ತಲೆವಸ್ತ್ರಕ್ಕಾಗಿ ವಾದಿಸಿದರು. ಮೇ ತಿಂಗಳಲ್ಲಿ ರಾಜಿಯಾಯಿತು. ಹುಡುಗಿ ಹಿಜಾಬ್‌ನಲ್ಲೇ ಶಾಲೆಗೆ ಹೋಗಬಹುದು, ಧಾರ್ಮಿಕ ಕಾರಣಕ್ಕೆ ವಿನಾಯಿತಿ ಇರುವಂತೆ ನಿಯಮ ಬದಲಾಗಬೇಕು, ಶಿಕ್ಷಕರಿಗೆ ತರಬೇತಿ ಕೊಡಬೇಕು ಎಂದಾಯಿತು. ಈ ಒಪ್ಪಂದ ಆರು ವರ್ಷ ಜಾರಿಯಲ್ಲಿರಬೇಕಿತ್ತು.

ಅಮೆರಿಕವನ್ನು ಹೊಗಳಲು ಈ ಕತೆ ಹೇಳುತ್ತಿಲ್ಲ. ಆ ದೇಶದ ಬಗ್ಗೆ ನಮಗೆ ನೂರು ತಕರಾರುಗಳಿವೆ. ಆದರೆ ಶಾಲೆ ಕಾಲೇಜುಗಳಲ್ಲಿ ಭೇದಭಾವ ನಡೆದಾಗ ವಿದ್ಯಾರ್ಥಿಯ ಕೈಗೆ ಅಲ್ಲಿನ ಕೇಂದ್ರ ಕಾನೂನು ಎಂತಹ ಸಾಧನ ಕೊಟ್ಟಿದೆ, ಅದು ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ತಿಳಿಯುವುದು ಒಳ್ಳೆಯದು. ಎಂಎಸ್ ಮಾಡಲು ಮಗನನ್ನೋ ಮಗಳನ್ನೋ ಅಲ್ಲಿಗೆ ಕಳಿಸುವ ಮನೆಗಳಿಗೆ ಇದು ನೇರವಾಗಿ ಬೇಕಾದ ಮಾಹಿತಿ. ಇಲ್ಲೇ ಕಲಿಸುವವರಿಗೂ ಇದರಲ್ಲಿ ಪಾಠವಿದೆ.

ಆ ಕಾನೂನಿನ ಬೇರು ಇರುವುದು ಕಪ್ಪು ಜನಾಂಗದ ಹೋರಾಟದಲ್ಲಿ. ಬಿಳಿಯರಿಗೊಂದು, ಕಪ್ಪು ಮಕ್ಕಳಿಗೊಂದು ಶಾಲೆ ಎಂಬ ಪದ್ಧತಿ ಸಂವಿಧಾನಕ್ಕೆ ವಿರುದ್ಧ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1954ರಲ್ಲೇ ಹೇಳಿತ್ತು. ಹೇಳಿದ್ದಷ್ಟೇ. ಹತ್ತು ವರ್ಷ ಕಳೆದ ಮೇಲೂ, 1964ರಲ್ಲಿ, ದಕ್ಷಿಣದ ರಾಜ್ಯಗಳಲ್ಲಿ ಬಿಳಿಯ ಮಕ್ಕಳೇ ಹೆಚ್ಚಿರುವ ಶಾಲೆಗೆ ಹೋಗುತ್ತಿದ್ದ ಕಪ್ಪು ಮಕ್ಕಳು ನೂರಕ್ಕೆ ಬರೀ ಎರಡೋ ಮೂರೋ. ತೀರ್ಪು ಕಾಗದದಲ್ಲಿತ್ತು, ಶಾಲೆಯ ಗೇಟು ಮುಚ್ಚಿಯೇ ಇತ್ತು.

ಆ ವರ್ಷದ ಜುಲೈಯಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ ಬಂತು. ಅದರ ಆರನೇ ಭಾಗ, ಎಲ್ಲರೂ ಟೈಟಲ್ ಸಿಕ್ಸ್ ಎನ್ನುವುದು, ಹೇಳುವುದು ಇಷ್ಟೇ: ಕೇಂದ್ರ ಸರಕಾರದ ಹಣ ಪಡೆಯುವ ಯಾವ ಸಂಸ್ಥೆಯೂ ಜನಾಂಗ, ಬಣ್ಣ, ಮೂಲದೇಶದ ಕಾರಣಕ್ಕೆ ಯಾರಿಗೂ ಭೇದ ಮಾಡಬಾರದು. ಮಾಡಿದರೆ ಹಣ ನಿಲ್ಲುತ್ತದೆ. ಮರುವರ್ಷವೇ ಶಾಲೆಗಳಿಗೆ ಕೇಂದ್ರದ ದೊಡ್ಡ ಅನುದಾನ ಶುರುವಾಯಿತು. ಕೋರ್ಟ್‌ಗಳೂ ಬಿಗಿಯಾದವು. 1970ರ ಹೊತ್ತಿಗೆ ಆ ಲೆಕ್ಕ ನೂರಕ್ಕೆ 33ಕ್ಕೆ ಏರಿತ್ತು. ಉಪದೇಶಕ್ಕೆ ಬಗ್ಗದವರು ಪರ್ಸಿಗೆ ಕೈ ಹಾಕಿದಾಗ ಬಗ್ಗಿದರು.

ಇದೇ ಅಚ್ಚಿನಲ್ಲಿ ಮುಂದಿನ ಕಾನೂನುಗಳು ಬಂದವು. 1972ರ ಟೈಟಲ್ ನೈನ್ ಹೆಣ್ಣು-ಗಂಡು ಭೇದಕ್ಕೆ ತಡೆ ಹಾಕಿತು. 1973ರ ಕಾಯ್ದೆಯ 504ನೇ ಸೆಕ್ಷನ್ ಅಂಗವಿಕಲ ಮಕ್ಕಳಿಗೆ ರಕ್ಷಣೆ ಕೊಟ್ಟಿತು. 1974ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮಕ್ಕಳ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಇಂಗ್ಲಿಷ್ ಬಾರದ ಮಗುವನ್ನು ಅರ್ಥವಾಗದ ಪಾಠದ ಎದುರು ಸುಮ್ಮನೆ ಕೂರಿಸುವುದು ಸಮಾನತೆಯಲ್ಲ ಎಂದಿತು. ಮನೆಯಲ್ಲಿ ಬ್ಯಾರಿ, ಮದ್ರಸದಲ್ಲಿ ಅರಬಿ, ಶಾಲೆಯಲ್ಲಿ ಕನ್ನಡವೋ ಇಂಗ್ಲಿಷೋ ಎಂದು ಬೆಳೆದ ನಮಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಮಕ್ಕಳನ್ನು ಅಲ್ಲಿಗೆ ಕಳಿಸಿದವರು ಇನ್ನೂ ಕೆಲವು ವಿಷಯ ತಿಳಿದಿರಬೇಕು. ಟೈಟಲ್ ಸಿಕ್ಸ್‌ನಲ್ಲಿ 'ನಾಗರಿಕ' ಎಂಬ ಶಬ್ದವಿಲ್ಲ, 'ವ್ಯಕ್ತಿ' ಎಂದಿದೆ. ವೀಸಾದ ಮೇಲೆ ಓದಲು ಹೋದವರೂ ಅದರೊಳಗೆ ಬರುತ್ತಾರೆ. ಶಿಕ್ಷಣ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿಗೆ ದೂರು ಕೊಡಲು ವಕೀಲರು ಬೇಕಿಲ್ಲ, ಶುಲ್ಕವಿಲ್ಲ. ವಿದ್ಯಾರ್ಥಿಯೇ ಕೊಡಬೇಕೆಂದೂ ಇಲ್ಲ, ಅವರ ಪರವಾಗಿ ಬೇರೆಯವರೂ ಕೊಡಬಹುದು. ಆದರೆ ಘಟನೆ ನಡೆದ 180 ದಿನಗಳೊಳಗೆ ಕೊಡಬೇಕು. ದೂರು ಕೊಟ್ಟರು ಎಂಬ ಸಿಟ್ಟಿಗೆ ಮಾರ್ಕು ಕಡಿತ ಮಾಡಿದರೆ, ಕಿರುಕುಳ ಕೊಟ್ಟರೆ, ಅದೇ ಇನ್ನೊಂದು ತಪ್ಪಾಗುತ್ತದೆ.

ಧರ್ಮದ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಟೈಟಲ್ ಸಿಕ್ಸ್‌ನ ಪಟ್ಟಿಯಲ್ಲಿ 'ಧರ್ಮ' ಇಲ್ಲ. ಸರಕಾರಿ ಶಾಲೆ ಕಾಲೇಜುಗಳಲ್ಲಿ ಧರ್ಮದ ಕಾರಣಕ್ಕೆ ನಡೆಯುವ ಭೇದವನ್ನು ನೋಡುವುದು ನ್ಯಾಯಾಂಗ ಇಲಾಖೆ, ಮಸ್ಕೋಗಿಯಲ್ಲಿ ಆದ ಹಾಗೆ. ಆದರೆ ವಂಶ, ಮೂಲದ ನೆಪದಲ್ಲಿ ಮುಸ್ಲಿಮ್, ಯಹೂದಿ, ಸಿಖ್ ಮಕ್ಕಳನ್ನು ಕಾಡಿದರೆ ಅದು ಟೈಟಲ್ ಸಿಕ್ಸ್‌ಗೂ ಬರುತ್ತದೆ ಎಂದು ಶಿಕ್ಷಣ ಇಲಾಖೆ 2004ರಲ್ಲೇ ಸ್ಪಷ್ಟಪಡಿಸಿದೆ. ಒಂದೇ ಸಾಲಿನಲ್ಲಿ ಮೂವರ ಮಕ್ಕಳಿಗೂ ರಕ್ಷಣೆ. ಪಕ್ಕದ ಮನೆಯ ಮಗುವಿಗೆ ಸಿಗದ ನ್ಯಾಯ ನಮ್ಮ ಮಗುವಿಗೆ ಮಾತ್ರ ಸಿಗಲಿ ಎಂದರೆ, ನಾಳೆ ಅದು ಇಬ್ಬರಿಗೂ ಸಿಗುವುದಿಲ್ಲ.

ಇನ್ನು ಕೈಕೊಡುವ ಕಡೆ. 2025ರ ಮಾರ್ಚ್‌ನಲ್ಲಿ ಟ್ರಂಪ್ ಸರಕಾರ ಶಿಕ್ಷಣ ಇಲಾಖೆಯ ಹೆಚ್ಚುಕಡಿಮೆ ಅರ್ಧದಷ್ಟು ಸಿಬ್ಬಂದಿಯನ್ನು ಇಳಿಸುವುದಾಗಿ ಘೋಷಿಸಿತು. ನಾಗರಿಕ ಹಕ್ಕುಗಳ ಕಚೇರಿಯ 12 ಪ್ರಾದೇಶಿಕ ಶಾಖೆಗಳಲ್ಲಿ ಏಳನ್ನು ಮುಚ್ಚುವ ನಿರ್ಧಾರವಾಯಿತು. ಕಾನೂನಿನ ಒಂದು ಅಕ್ಷರವೂ ಬದಲಾಗಲಿಲ್ಲ. ಬದಲಾದದ್ದು ದೂರು ತೆಗೆದುಕೊಳ್ಳುವ ಮೇಜು. ಅದೇ ಹೊತ್ತಿಗೆ, ಯಹೂದಿ ವಿದ್ಯಾರ್ಥಿಗಳಿಗೆ ರಕ್ಷಣೆ ಕೊಡಲಿಲ್ಲ ಎಂಬ ಕಾರಣ ಹೇಳಿ ಕೊಲಂಬಿಯಾ ವಿಶ್ವವಿದ್ಯಾನಿಲಯದ 40 ಕೋಟಿ ಡಾಲರ್ ಅನುದಾನವನ್ನು ಸರಕಾರ ರದ್ದು ಮಾಡಿತು. ಆ ವಿದ್ಯಾರ್ಥಿಗಳ ದೂರು ನಿಜವಿದ್ದರೆ ವಿಚಾರಣೆ ಆಗಲೇಬೇಕು. ಆದರೆ ಹಣ ನಿಲ್ಲಿಸುವ ಮೊದಲು ಸಂಸ್ಥೆಯ ಮಾತನ್ನೂ ಕೇಳಬೇಕು, ತಪ್ಪನ್ನು ದಾಖಲೆಯಲ್ಲಿ ಸಾಬೀತು ಮಾಡಬೇಕು ಎಂದು ಅದೇ ಕಾಯ್ದೆ ಹೇಳುತ್ತದೆ. ಹಾರ್ವರ್ಡ್‌ನ ಅನುದಾನ ತಡೆದದ್ದು ಕಾನೂನುಬಾಹಿರ ಎಂದು ಕೇಂದ್ರ ನ್ಯಾಯಾಧೀಶರೊಬ್ಬರು ಅದೇ ವರ್ಷದ ಸೆಪ್ಟಂಬರ್‌ನಲ್ಲಿ ತೀರ್ಪು ಕೊಟ್ಟರು. ದುರ್ಬಲರನ್ನು ಕಾಯಲು ಮಾಡಿದ ಅಸ್ತ್ರ ಅಧಿಕಾರದಲ್ಲಿರುವವರ ಇಷ್ಟಾನಿಷ್ಟಕ್ಕೆ ತಿರುಗಿದರೆ ಏನಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ. ವೀಸಾ ರದ್ದಾಗುವುದನ್ನು ಟೈಟಲ್ ಸಿಕ್ಸ್ ತಡೆಯುವುದಿಲ್ಲ ಎಂಬುದೂ ಹೆತ್ತವರಿಗೆ ಗೊತ್ತಿರಲಿ.

ಈಗ ನಮ್ಮ ಊರಿಗೆ ಬರೋಣ. 2022ರ ಆರಂಭದಲ್ಲಿ ಉಡುಪಿಯ ಹುಡುಗಿಯರು ಹೈಕೋರ್ಟ್ ಮೆಟ್ಟಿಲು ಹತ್ತಿದರು. ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ ಎಂದು ಮಾರ್ಚ್ 15ರಂದು ತೀರ್ಪು ಬಂತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಿಕ್ಕಿನ ತೀರ್ಪು ಬರೆದರು. ಅಷ್ಟರಲ್ಲಿ ಪರೀಕ್ಷೆಗಳು ಮುಗಿದಿದ್ದವು. ಕೆಲವು ಹುಡುಗಿಯರ ಓದೂ ನಿಂತಿತ್ತು. ಮಸ್ಕೋಗಿಯ ಕೇಸಿನಲ್ಲಿ ಸರಕಾರದ ವಕೀಲರು ಧರ್ಮಶಾಸ್ತ್ರದ ಚರ್ಚೆಗೆ ಹೋಗಲಿಲ್ಲ. ಈ ನಿಯಮ ಎಲ್ಲರಿಗೂ ಒಂದೇ ರೀತಿ ಜಾರಿಯಾಗಿದೆಯೇ, ಈ ಮಗುವಿಗೆ ಭೇದವಾಗಿದೆಯೇ ಎಂದು ಕೇಳಿದರು. ಪ್ರಶ್ನೆ ಬದಲಾದರೆ ಉತ್ತರವೂ ಬದಲಾಗುತ್ತದೆ.

ನಮ್ಮಲ್ಲಿ ಕಾನೂನೇ ಇಲ್ಲ ಎಂದಲ್ಲ. ಸರಕಾರ ನಡೆಸುವ ಅಥವಾ ಸರಕಾರದ ಅನುದಾನ ಪಡೆಯುವ ಸಂಸ್ಥೆ ಕೇವಲ ಧರ್ಮ, ಜಾತಿ, ಭಾಷೆಯ ಕಾರಣಕ್ಕೆ ಪ್ರವೇಶ ನಿರಾಕರಿಸಬಾರದು ಎಂದು ನಮ್ಮ ಸಂವಿಧಾನದ 29(2)ನೇ ವಿಧಿ ಹೇಳಿದೆ. ಅಮೆರಿಕದ ಕಾಯ್ದೆಗಿಂತ 14 ವರ್ಷ ಮೊದಲೇ ಜಾರಿಗೆ ಬಂದ ಮಾತಿದು. ಕಾಲೇಜುಗಳಲ್ಲಿ ಸಮಾನ ಅವಕಾಶ ಘಟಕ ಇರಬೇಕು, ಭೇದಭಾವದ ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕು ಎಂದು ಯುಜಿಸಿ 2012ರಲ್ಲೇ ನಿಯಮ ಮಾಡಿತು. ನಿಮ್ಮ ಮಗಳ ಕಾಲೇಜಿನಲ್ಲಿ ಆ ಅಧಿಕಾರಿ ಯಾರು? ಹೆಸರು ಗೊತ್ತಿರುವ ಮನೆಗಳು ಎಷ್ಟಿರಬಹುದು?

ನಮ್ಮ ಮನೆಗಳಲ್ಲಿ ಒಂದು ಅಭ್ಯಾಸವಿದೆ. ಮಗಳು ಕಣ್ಣೀರು ಹಾಕಿಕೊಂಡು ಬಂದರೆ "ಹೋಗಲಿ ಬಿಡು ಮೋಳೆ, ಸುಮ್ಮನೆ ಯಾಕೆ ರಗಳೆ" ಎನ್ನುತ್ತೇವೆ. ತೀರಾ ಮೇಲೆ ಬಂದರೆ ಕಾಲೇಜು ಬಿಡಿಸುತ್ತೇವೆ, ಇಲ್ಲವೇ ವಾಟ್ಸ್ಆ್ಯಪ್‌ನಲ್ಲಿ ಸಿಟ್ಟು ಹಂಚುತ್ತೇವೆ. ಇವೆರಡರ ನಡುವೆ ಮೂರನೆಯ ದಾರಿಯಿದೆ. ಏನಾಯಿತು, ಯಾವ ದಿನ, ಯಾರು ಹೇಳಿದರು, ಯಾರು ನೋಡಿದರು ಎಂದು ಅಂದೇ ಬರೆದಿಡುವುದು. ಅದನ್ನು ಅರ್ಜಿ ಮಾಡಿ ಕೊಡುವುದು. ಕೊಟ್ಟದ್ದಕ್ಕೆ ಸೀಲು ಹಾಕಿಸಿಕೊಂಡು ಪ್ರತಿ ಇಟ್ಟುಕೊಳ್ಳುವುದು.

ಜಮಾಅತ್ ಕಮಿಟಿಗಳಿಗೂ ಒಂದು ಮಾತು. ಮದುವೆಗೆ ನೆರವು, ಚಿಕಿತ್ಸೆಗೆ ನೆರವು, ಸ್ಕಾಲರ್‌ಶಿಪ್ ಅರ್ಜಿ ತುಂಬಿಸಲು ನೆರವು ಎಲ್ಲವೂ ನಡೆಯುತ್ತಿದೆ, ಸಂತೋಷ. ಅದರ ಜೊತೆಗೆ ದೂರು ಬರೆದುಕೊಡಲು ಬಲ್ಲ ಒಬ್ಬ ಯುವ ವಕೀಲರನ್ನೋ ನಿವೃತ್ತ ಮೇಷ್ಟ್ರನ್ನೋ ವಾರಕ್ಕೊಂದು ದಿನ ಕೂರಿಸಿ. ಅವರ ಬಳಿಗೆ ಬರುವ ಮಗು ನಮ್ಮದೇ ಆಗಿರಬೇಕೆಂದಿಲ್ಲ. ಪಕ್ಕದ ಕಾಲನಿಯ ದಲಿತ ಹುಡುಗನ ಅರ್ಜಿಯನ್ನೂ ಅವರು ಬರೆಯಲಿ. ಕಾಗದದ ಹಕ್ಕು ಜೀವಂತ ಉಳಿಯುವುದು ಯಾರಾದರೂ ಅದನ್ನು ಕೈಗೆತ್ತಿಕೊಂಡು ಕೇಳಿದಾಗ ಮಾತ್ರ.