ಕೊಳಾರ ಬಾವಿ ನೀರು: ಹೊಸ ನಿಯಮ ಬಂತು, ಮೊದಲ ಹೆಜ್ಜೆ ಡಿಸಿ ಕಚೇರಿಯದ್ದು

ಬೀದರ್: ಕೊಳಾರ ಕೈಗಾರಿಕಾ ಪ್ರದೇಶದ ಸುತ್ತಲಿನ ಊರುಗಳ ದೂರು ಹೊಸದೇನಲ್ಲ. ಮೂಗು ಮುಚ್ಚಿಕೊಳ್ಳುವಂಥ ವಾಸನೆ, ಬಾಯಿಗಿಡಲಾಗದ ಬಾವಿ ನೀರು ಅನ್ನೋ ಮಾತು ಕೊಳಾರ, ನಿಜಾಂಪುರದ ಜನ ವರ್ಷಗಳಿಂದ ಹೇಳ್ತಾನೇ ಇದ್ದಾರೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2009ರಲ್ಲಿ ದೇಶದ 88 ಕೈಗಾರಿಕಾ ಪ್ರದೇಶಗಳಿಗೆ ಅಂಕ ಕೊಟ್ಟಾಗ ಬೀದರ್ ‘ತೀವ್ರ ಮಲಿನ’ ಸಾಲಿನಲ್ಲಿತ್ತು.

ಇಷ್ಟು ದಿನ ಇಂಥ ದೂರಿಗೆ ಸಿಗುತ್ತಿದ್ದ ಪರಿಹಾರ ಅಂದ್ರೆ ನೋಟಿಸ್, ಇಲ್ಲವೇ ನೀರಿನ ಟ್ಯಾಂಕರ್. ನೆಲದೊಳಗೆ ಇಳಿದದ್ದನ್ನು ತೆಗೆಯೋದು ಯಾರ ಕೆಲಸ ಅನ್ನೋದಕ್ಕೆ ಸ್ಪಷ್ಟ ದಾರಿ ಇರಲಿಲ್ಲ. ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಹೊರಡಿಸಿದ ಮಲಿನ ಸ್ಥಳಗಳ ನಿರ್ವಹಣಾ ನಿಯಮ ಆ ದಾರಿ ತೋರಿಸಿದೆ.

ನಿಯಮದಲ್ಲಿ ಏನಿದೆ?

ಶಂಕಿತ ಮಲಿನ ಸ್ಥಳಗಳ ಬಗ್ಗೆ ಆರು ತಿಂಗಳಿಗೊಮ್ಮೆ ವರದಿ ಕೊಡಬೇಕಾದದ್ದು ಜಿಲ್ಲಾಡಳಿತ. ಅದಾದ ಮೇಲೆ 90 ದಿನದಲ್ಲಿ ಪ್ರಾಥಮಿಕ ಪರೀಕ್ಷೆ, ಮುಂದಿನ 3 ತಿಂಗಳಲ್ಲಿ ವಿವರವಾದ ಸಮೀಕ್ಷೆ. 189 ಅಪಾಯಕಾರಿ ರಾಸಾಯನಿಕಗಳಲ್ಲಿ ಯಾವುದಾದರೂ ಮಿತಿ ಮೀರಿದ್ದರೆ ಸ್ಥಳದ ಹೆಸರನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕು. ಮಲಿನ ಮಾಡಿದವರು ಯಾರು ಅಂತ ರಾಜ್ಯ ಮಂಡಳಿ 90 ದಿನದಲ್ಲಿ ಗುರುತಿಸಬೇಕು, ಖರ್ಚನ್ನು ಅವರೇ ಹೊರಬೇಕು.

ಅಂದ್ರೆ ಎಲ್ಲ ಶುರುವಾಗೋದು ಡಿಸಿ ಕಚೇರಿಯ ಪಟ್ಟಿಯಿಂದ. ಪಟ್ಟಿಯಲ್ಲಿ ಊರಿನ ಹೆಸರಿಲ್ಲ ಅಂದ್ರೆ 90 ದಿನದ ಲೆಕ್ಕವೇ ಶುರುವಾಗಲ್ಲ.

ತಡವಾದಷ್ಟೂ ಕಷ್ಟ ಯಾಕೆ?

ಔಷಧ ತಯಾರಿಕೆಯಲ್ಲಿ ಮೆಥಿಲೀನ್ ಕ್ಲೋರೈಡ್, ಕ್ಲೋರೋಫಾರ್ಮ್, ಟಾಲ್ವೀನ್‌ನಂಥ ದ್ರಾವಕಗಳನ್ನು ಬಳಸ್ತಾರೆ. ಟಾಲ್ವೀನ್ ನೀರಿಗಿಂತ ಹಗುರ, ನೆಲದಡಿಯ ನೀರಿನ ಮೇಲೆ ತೇಲುತ್ತೆ. ಕ್ಲೋರಿನ್ ಇರುವ ಮೊದಲೆರಡು ನೀರಿಗಿಂತ ಭಾರ. ಚೆಲ್ಲಿದರೆ ನೀರಿನ ಮಟ್ಟ ದಾಟಿ ಇನ್ನೂ ಕೆಳಗಿಳಿದು ಕಲ್ಲಿನ ಬಿರುಕಲ್ಲಿ ಕೂತುಬಿಡ್ತವೆ. ಅಲ್ಲಿಂದ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಕರಗಿ ಬಾವಿಗೆ ಬರ್ತವೆ.

ಬೀದರ್ ನೆಲ ಇದಕ್ಕೆ ಇನ್ನೂ ಅನುಕೂಲ. ಮೇಲೆ ತೂತು ತೂತಾದ ಜಂಬಿಟ್ಟಿಗೆ, ಕೆಳಗೆ ಗಟ್ಟಿ ಕರಿ ಕಲ್ಲು. ಮಳೆ ನೀರು ಜಂಬಿಟ್ಟಿಗೆಯಲ್ಲಿ ಇಳಿದು ಕರಿ ಕಲ್ಲಿನ ಮೇಲೆ ನಿಲ್ಲುತ್ತೆ. ನೌಬಾದ್ ಸುರಂಗ ಬಾವಿ ತೋಡಿದವರು ಬಹಮನಿ ಕಾಲದಲ್ಲೇ ಈ ಗುಣ ಬಲ್ಲವರಾಗಿದ್ದರು. ನೀರು ಇಳಿಯುವ ದಾರಿಯಲ್ಲೇ ರಾಸಾಯನಿಕವೂ ಇಳಿಯುತ್ತೆ.

ಪರೀಕ್ಷೆಯಲ್ಲೇ ತಪ್ಪಿಸಿಕೊಳ್ಳುತ್ತೆ

ಬಾವಿಗೆ ಏನು ಸೇರಿದೆ ಅಂತ ವಾಸನೆ ನೋಡಿ ಹೇಳೋಕಾಗಲ್ಲ. ಗಡಸುತನ, ಫ್ಲೋರೈಡ್, ನೈಟ್ರೇಟ್ ನೋಡುವ ಮಾಮೂಲಿ ಪರೀಕ್ಷೆಯಲ್ಲಿ ದ್ರಾವಕ ಕಾಣಿಸೋದೇ ಇಲ್ಲ. ಅದಕ್ಕೆ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಯಂತ್ರ ಬೇಕು. ಮಾದರಿಯನ್ನು ಗಾಳಿ ಉಳಿಯದಂತೆ ಗಾಜಿನ ಸೀಸೆ ತುಂಬ ಹಿಡಿದು, ತಂಪಾಗಿಟ್ಟು ಒಯ್ಯಬೇಕು. ಹಳೇ ಪ್ಲಾಸ್ಟಿಕ್ ಬಾಟಲಿಯಲ್ಲಿ ಅರ್ಧ ತುಂಬಿಕೊಂಡು ಹೋದರೆ ಲ್ಯಾಬ್ ಮುಟ್ಟುವ ಹೊತ್ತಿಗೆ ದ್ರಾವಕ ಆವಿಯಾಗಿರುತ್ತೆ. ‘ನೀರು ಸರಿಯಿದೆ’ ಅನ್ನೋ ವರದಿ ಬಂದಾಗ ಜನ ಮೊದಲು ಕೇಳಬೇಕಾದದ್ದು ಇದನ್ನೇ: ಏನೇನು ಪರೀಕ್ಷೆ ಮಾಡಿದ್ರಿ, ಮಾದರಿ ಹೇಗೆ ಹಿಡಿದ್ರಿ?

ಸ್ವಚ್ಛ ಮಾಡೋದು ಹೇಗೆ?

ಮೇಲಿನ ಮಣ್ಣಲ್ಲಿದ್ದರೆ ಅಗೆದು ಸಾಗಿಸಬಹುದು, ಇಲ್ಲವೇ ಕೊಳವೆ ಇಳಿಸಿ ಆವಿಯನ್ನು ಹೀರಬಹುದು. ನೀರಿಗೆ ಇಳಿದಿದ್ದರೆ ಪಂಪ್ ಮಾಡಿ, ಗಾಳಿ ಹಾಯಿಸಿ, ಇದ್ದಿಲಿನಲ್ಲಿ ಸೋಸಬೇಕು. ಹತ್ತಾರು ವರ್ಷ ಪಂಪ್ ಮಾಡುತ್ತಲೇ ಇರುವ ಜಾಗಗಳು ವಿದೇಶಗಳಲ್ಲಿವೆ. ನೆಲದೊಳಗಿನ ಬ್ಯಾಕ್ಟೀರಿಯಾಕ್ಕೆ ಕಾಕಂಬಿಯಂಥ ಆಹಾರ ಕೊಟ್ಟು ಕ್ಲೋರಿನ್ ದ್ರಾವಕವನ್ನು ಒಡೆಸುವ ವಿಧಾನವೂ ಇದೆ. ಆದರೆ ಕೆಲವು ದ್ರಾವಕ ಅರ್ಧಕ್ಕೇ ಒಡೆದು ನಿಂತರೆ ವಿನೈಲ್ ಕ್ಲೋರೈಡ್ ಎಂಬ ಇನ್ನೂ ಕೆಟ್ಟ ವಿಷ ಉಳಿಯುತ್ತೆ. ಹಾಗಾಗಿ ಇದು ಒಮ್ಮೆ ಟೆಂಡರ್ ಕರೆದು ಕೈತೊಳೆದುಕೊಳ್ಳುವ ಕೆಲಸ ಅಲ್ಲ.

ಹಣ ವಸೂಲಿಯೂ ಸುಲಭವಲ್ಲ. ರಾಜಸ್ಥಾನದ ಬಿಛ್ರಿ ಗ್ರಾಮದಲ್ಲಿ ರಾಸಾಯನಿಕ ಕಾರ್ಖಾನೆಗಳ ತ್ಯಾಜ್ಯದಿಂದ ಬಾವಿಗಳು ಹಾಳಾದವು. ಮಲಿನ ಮಾಡಿದವರೇ ಖರ್ಚು ಕೊಡಬೇಕು ಅಂತ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. 37.385 ಕೋಟಿ ರೂಪಾಯಿಯನ್ನು ಚಕ್ರಬಡ್ಡಿ ಸಮೇತ ಕಟ್ಟಿ ಅಂತ ಅದೇ ಕೋರ್ಟ್ 2011ರಲ್ಲಿ ಮತ್ತೆ ಆದೇಶಿಸಬೇಕಾಯಿತು. ನಡುವೆ ಹೋದದ್ದು 15 ವರ್ಷ.

ನಿಯಮದ ಕೊರತೆ

ಹೊಸ ನಿಯಮದಲ್ಲಿ ಪರೀಕ್ಷೆಗೆ ಗಡುವಿದೆ, ಸ್ವಚ್ಛ ಮಾಡಿ ಮುಗಿಸೋಕೆ ಗಡುವಿಲ್ಲ. ನಿಯಮ ಬಂದಾಗ ದೇಶದಲ್ಲಿ ಗುರುತಾಗಿದ್ದ ಮಲಿನ ಸ್ಥಳಗಳು 103, ಕೆಲಸ ಶುರುವಾಗಿದ್ದು 7ರಲ್ಲಿ ಮಾತ್ರ. ಪಟ್ಟಿಗೆ ಸೇರಿದ ಮಾತ್ರಕ್ಕೆ ಬಾವಿ ತಿಳಿಯಾಗಲ್ಲ ಅನ್ನೋದು ಇದರಿಂದಲೇ ಗೊತ್ತಾಗುತ್ತೆ.

ಹಾಗಂತ ಸುಮ್ಮನಿದ್ದರೆ ಅದೂ ಸಿಗಲ್ಲ. ಕೊಳಾರ ಭಾಗದ ಗ್ರಾಮ ಪಂಚಾಯಿತಿಗಳು ಗ್ರಾಮಸಭೆಯಲ್ಲಿ ಠರಾವು ಮಾಡಿ, ಕೆಟ್ಟ ಬಾವಿ–ಬೋರ್‌ಗಳ ಸರ್ವೆ ನಂಬರ್ ಸಮೇತ ಡಿಸಿ ಕಚೇರಿಗೆ ಬರೆದು ಸ್ವೀಕೃತಿ ಪಡೆಯಬೇಕು. ಬಾಯಿಮಾತಿನ ದೂರಿಗೆ ಫೈಲ್ ಇರಲ್ಲ. ನೀರಿಗೆ ಏನೂ ಆಗಿಲ್ಲ ಅನ್ನೋ ಕಾರ್ಖಾನೆಗಳಿಗೂ ಸರಿಯಾದ ಪರೀಕ್ಷೆಯೇ ಒಳ್ಳೆ ಉತ್ತರ. ಜಿಲ್ಲಾಡಳಿತದ ಮುಂದಿನ ಅರ್ಧವಾರ್ಷಿಕ ವರದಿಯಲ್ಲಿ ಕೊಳಾರದ ಹೆಸರು ಇರುತ್ತೋ ಇಲ್ಲವೋ, ಅಲ್ಲಿನ ಜನ ಕೇಳಬೇಕಾದ ಮೊದಲ ಪ್ರಶ್ನೆ ಅದು.