ಅಗ್ಗದ ಪಿಸ್ತೂಲಿಗೆ ಅಳತೆಗೋಲು ಯಾವುದು?

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಒಂದು ಬಂದೂಕನ್ನು ಈಗಾಗಲೇ ಇಟ್ಟುಕೊಂಡಿರುವ ಗೃಹಸ್ಥನು ಮತ್ತೊಂದನ್ನು ಕೊಳ್ಳಲೆಂದು ಅಂಗಡಿಗೆ ಹೋದನೆನ್ನಿ. ಅವನ ಮುಂದೆ 200 ಡಾಲರಿನ ಪಿಸ್ತೂಲೂ ಉಂಟು, 600 ಡಾಲರಿನದೂ ಉಂಟು. ಅಗ್ಗದ್ದು ಸಾಕೆ ಎಂಬುದೇ ಅವನ ಪ್ರಶ್ನೆ. ನಮ್ಮ ದೇಶದಲ್ಲಿ 1959ರ ಆಯುಧ ಕಾಯಿದೆಯಂತೆ ಪರವಾನಗಿಯಿಲ್ಲದೆ ಪಿಸ್ತೂಲನ್ನು ಮುಟ್ಟುವಂತಿಲ್ಲ; 2019ರ ತಿದ್ದುಪಡಿಯ ತರುವಾಯ ಒಬ್ಬನ ಬಳಿ ಸಾಮಾನ್ಯವಾಗಿ ಎರಡಕ್ಕಿಂತ ಹೆಚ್ಚು ಆಯುಧಗಳಿರಕೂಡದು. ಆದುದರಿಂದ ನಮ್ಮ ವಿದ್ಯಾರ್ಥಿಗಳಿಗೆ ಇದು ಪೇಟೆಯ ಪ್ರಶ್ನೆಯಲ್ಲ. ಆದರೂ ಇದರಲ್ಲಿ ಭೌತಶಾಸ್ತ್ರದ ಒಂದು ಒಳ್ಳೆಯ ಪಾಠವೂ, ಕಾನೂನು ಮಾಡುವವರು ವಿಜ್ಞಾನವನ್ನು ಹೇಗೆ ಬಳಸುತ್ತಾರೆ, ಹೇಗೆ ತಪ್ಪಾಗಿ ಬಳಸುತ್ತಾರೆ ಎಂಬುದಕ್ಕೆ ನಿದರ್ಶನವೂ ಅಡಗಿದೆ.

9 ಮಿಲಿಮೀಟರಿನ ತೋಟಾ ಸಿಡಿದಾಗ ನಳಿಗೆಯೊಳಗಿನ ಒತ್ತಡವು ಚದರ ಅಂಗುಲಕ್ಕೆ 35,000 ಪೌಂಡುಗಳವರೆಗೆ ಏರಬಹುದು. ಇದು ನಮ್ಮ ಸುತ್ತಲಿನ ವಾಯುವಿನ ಒತ್ತಡದ ಸುಮಾರು 2,400 ಪಟ್ಟು. ಅದು ನಿಲ್ಲುವುದು ಒಂದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು ಮಾತ್ರ. ಅಷ್ಟರೊಳಗೆ ತೋಟಾದ ತೆಳುವಾದ ಹಿತ್ತಾಳೆಯ ಕವಚವು ಕದಲದಂತೆ ಹಿಂದಿನಿಂದ ತಡೆದಿರಬೇಕು. ಬೆಲೆಯುಳ್ಳ ಪಿಸ್ತೂಲುಗಳಲ್ಲಿ ನಳಿಗೆಯೂ ಅದರ ಮೇಲೆ ಜಾರುವ ಸ್ಲೈಡೂ ಕ್ಷಣಕಾಲ ಒಂದಕ್ಕೊಂದು ಕೊಂಡಿ ಹಾಕಿಕೊಂಡು, ಗುಂಡು ಹೊರಟುಹೋದ ಮೇಲೆ ಬಿಡಿಸಿಕೊಳ್ಳುತ್ತವೆ. ಈ ಏರ್ಪಾಡಿಗೆ ನಯವಾದ ಯಂತ್ರಗೆಲಸ ಬೇಕು. ಅಗ್ಗದ ಪಿಸ್ತೂಲುಗಳಲ್ಲಿ ಕೊಂಡಿಯೇ ಇಲ್ಲ. ಸ್ಲೈಡಿನ ಜಡತ್ವವೊಂದೇ ಕಾವಲು.

ಲೆಕ್ಕ ಸುಲಭವಾದುದು, ವಾಚಕರು ತಾವೇ ಮಾಡಿ ನೋಡಬಹುದು. ಏಳೂವರೆ ಗ್ರಾಂ ತೂಕದ ಗುಂಡು ಸೆಕೆಂಡಿಗೆ 350 ಮೀಟರ್ ವೇಗದಲ್ಲಿ ಹೊರಟಿತೆನ್ನೋಣ. ಹೊಗೆಯ ಪಾಲನ್ನು ಬಿಟ್ಟರೆ, ಅಷ್ಟೇ ಆವೇಗವು ಸ್ಲೈಡಿಗೂ ಹಿಮ್ಮುಖವಾಗಿ ಬರತಕ್ಕದ್ದು. ಸ್ಲೈಡು 350 ಗ್ರಾಂ ಇದ್ದರೆ ಅದರ ವೇಗ ಸೆಕೆಂಡಿಗೆ ಏಳೂವರೆ ಮೀಟರ್. 700 ಗ್ರಾಂ ಇದ್ದರೆ ಅದರ ಅರ್ಧ. ಗುಂಡು 10 ಸೆಂಟಿಮೀಟರ್ ಸಾಗುವಷ್ಟರಲ್ಲಿ ಹಗುರವಾದ ಸ್ಲೈಡು ಎರಡು ಮಿಲಿಮೀಟರಿಗಿಂತ ತುಸು ಹೆಚ್ಚಾಗಿಯೇ ಹಿಂದೆ ಸರಿದರೆ, ಭಾರವಾದುದು ಒಂದು ಮಿಲಿಮೀಟರಿನಷ್ಟು ಮಾತ್ರ ಸರಿಯುತ್ತದೆ. ಕವಚದ ಪಾಡು ಈ ಒಂದು ಮಿಲಿಮೀಟರಿನ ಮೇಲೆ ನಿಂತಿದೆ. ಒಹಾಯೋ ರಾಜ್ಯದಲ್ಲಿ ತಯಾರಾಗುವ ಹೈ-ಪಾಯಿಂಟ್ ಎಂಬ ಅಗ್ಗದ ಪಿಸ್ತೂಲು ನೋಡುವುದಕ್ಕೆ ಒಡ್ಡೊಡ್ಡಾಗಿ, ಮೇಲೆ ಇಟ್ಟಿಗೆಯನ್ನಿಟ್ಟಂತೆ ಕಾಣುವುದು ಇದೇ ಕಾರಣದಿಂದ. ಅದನ್ನು ಕಂಡು ನಗುವವರು ನ್ಯೂಟನ್ನನ ಮೂರನೆಯ ನಿಯಮವನ್ನು ಒಮ್ಮೆ ನೆನೆಯುವುದು ಒಳಿತು.

ಇನ್ನು ಲೋಹದ ವಿಚಾರ. ಇಂಥ ಸ್ಲೈಡನ್ನು ಉಕ್ಕಿನಿಂದ ಕಡೆಯದೆ, ಸತುವಿಗೆ ಶೇಕಡಾ ನಾಲ್ಕರಷ್ಟು ಅಲ್ಯುಮಿನಿಯಂ ಬೆರೆಸಿದ ಮಿಶ್ರಲೋಹದಿಂದ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ನಳಿಗೆ ಮಾತ್ರ ಉಕ್ಕಿನದು. ಈ ಮಿಶ್ರಲೋಹವು 380ರಿಂದ 390 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ಇದನ್ನೇ ಹಿಡಿದು ಇಲಿನಾಯ್, ದಕ್ಷಿಣ ಕ್ಯಾರೊಲಿನ ಮುಂತಾದ ಕೆಲವು ರಾಜ್ಯಗಳು, 800 ಡಿಗ್ರಿ ಫ್ಯಾರನ್‌ಹೀಟಿಗಿಂತ, ಎಂದರೆ ಸುಮಾರು 427 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗೆ ಕರಗುವ ಎರಕದ ಪಿಸ್ತೂಲುಗಳ ಮಾರಾಟವನ್ನು ನಿಷೇಧಿಸಿ ಕಾನೂನು ಮಾಡಿದವು.

ಇದು ವಿಜ್ಞಾನದ ವೇಷ ತೊಟ್ಟ ಅವಿಜ್ಞಾನವೆಂದು ನನ್ನ ಅಭಿಪ್ರಾಯ. ಪಿಸ್ತೂಲನ್ನು ಯಾರೂ ಕುಲುಮೆಯಲ್ಲಿಡುವುದಿಲ್ಲ. ಕರಗುವ ಬಿಂದುವಿಗೂ, ಆಯುಧವು ಕೈಜಾರಿ ಬಿದ್ದಾಗ ತಾನಾಗಿ ಹಾರುತ್ತದೆಯೋ ಇಲ್ಲವೋ ಎಂಬುದಕ್ಕೂ ಏನೊಂದು ಸಂಬಂಧವೂ ಇಲ್ಲ. ಇಂಥ ನಿಯಮವು ವಾಸ್ತವವಾಗಿ ಅಳೆಯುವುದು ಕೊಳ್ಳುವವನ ಹಣದ ಚೀಲವನ್ನು. ಇದಕ್ಕೊಂದು ಹಳೆಯ ಪೂರ್ವಕಥೆಯೂ ಉಂಟು: 1879ರಲ್ಲಿ ಟೆನೆಸ್ಸೀ ರಾಜ್ಯವು ಸೈನ್ಯ ಹಾಗೂ ನೌಕಾಪಡೆಯ ಮಾದರಿಯ ದುಬಾರಿ ಪಿಸ್ತೂಲುಗಳನ್ನು ಹೊರತು ಉಳಿದವನ್ನು ಮಾರಕೂಡದೆಂದು ವಿಧಿಸಿತು. ದಾಸ್ಯದಿಂದ ಬಿಡುಗಡೆ ಹೊಂದಿದ ಬಡ ನೀಗ್ರೋ ಜನರ ಕೈಗೆ ಆಯುಧ ಸಿಕ್ಕದಿರಲೆಂಬುದೇ ಅದರ ಹಿಂದಿನ ಉದ್ದೇಶವೆಂದು ಅನೇಕ ಇತಿಹಾಸಕಾರರು ಹೇಳುತ್ತಾರೆ. 1968ರ ಕೇಂದ್ರ ಕಾನೂನು ಅಗ್ಗದ ಪುಟ್ಟ ಪಿಸ್ತೂಲುಗಳ ಆಮದನ್ನು ಬಿಗಿಗೊಳಿಸಿತಾದರೂ, ಅದೇ ನಿಯಮವನ್ನು ಸ್ವದೇಶದ ತಯಾರಿಕೆಗೆ ಅನ್ವಯಿಸಲಿಲ್ಲ. ಫಲವಾಗಿ ಲಾಸ್ ಏಂಜಲೀಸ್ ನಗರದ ಸುತ್ತಮುತ್ತ ಸತುವಿನ ಪಿಸ್ತೂಲುಗಳ ಕಾರ್ಖಾನೆಗಳು ಸಾಲಾಗಿ ತಲೆಯೆತ್ತಿದವು.

ಹಾಗಾದರೆ ಅಗ್ಗದ ಪಿಸ್ತೂಲಿನಲ್ಲಿ ದೋಷವೇ ಇಲ್ಲವೆ? ಉಂಟು, ಆದರೆ ಅದು ಬೇರೆ ಕಡೆ ಇದೆ. ಆ ಕಾರ್ಖಾನೆಗಳಲ್ಲೊಂದಾದ ಬ್ರೈಕೊ ತಯಾರಿಸಿದ ಪಿಸ್ತೂಲಿನಲ್ಲಿ, ಒಳಗೆ ಕುಳಿತ ತೋಟಾವನ್ನು ಹೊರತೆಗೆಯಬೇಕಾದರೆ ಮೊದಲು ಸುರಕ್ಷಾ ಕೀಲಿಯನ್ನು ಸಡಿಲಿಸಬೇಕಾಗಿತ್ತು. ಕೀಲಿ ಬಿಗಿದಿರುವಾಗ ಸ್ಲೈಡು ಹಿಂದೆ ಬಾರದು. ಆಯುಧವನ್ನು ನಿರಪಾಯಗೊಳಿಸುವ ಗಳಿಗೆಯಲ್ಲಿಯೇ ಅದು ಅತ್ಯಂತ ಅಪಾಯಕರ! 1994ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹೀಗೆ ತೋಟಾ ತೆಗೆಯಹೊರಟಾಗ ಗುಂಡು ಹಾರಿ, 7 ವರ್ಷದ ಬಾಲಕನೊಬ್ಬನು ಕೈಕಾಲುಗಳ ಸ್ವಾಧೀನವನ್ನು ಕಳೆದುಕೊಂಡನು. 2003ರಲ್ಲಿ ಪಂಚರು ವಿನ್ಯಾಸದ ದೋಷವನ್ನು ಎತ್ತಿಹಿಡಿದು ಕೋಟಿಗಟ್ಟಲೆ ಡಾಲರುಗಳ ಪರಿಹಾರ ವಿಧಿಸಲು, ಕಂಪೆನಿಯು ದಿವಾಳಿಯಾಯಿತು. ಸ್ಲೈಡನ್ನು ಹೀಗೆ ಕಟ್ಟಿಹಾಕುವ ಕೀಲಿಯು ಬ್ರೌನಿಂಗ್ ರಚಿಸಿದ 1911ರ ಪ್ರಖ್ಯಾತ ಪಿಸ್ತೂಲಿನಲ್ಲಿಯೂ ಇದೆಯೆಂಬುದನ್ನು ನ್ಯಾಯಕ್ಕಾಗಿ ಇಲ್ಲಿ ಹೇಳಬೇಕು.

ಎರಡನೆಯ ದೋಷ ಬೀಳುವಿಕೆಯದು. ವೇಗವಾಗಿ ಓಡುತ್ತಿರುವ ಬಸ್ಸು ಥಟ್ಟನೆ ನಿಂತರೆ ನಿಂತಿರುವ ಪ್ರಯಾಣಿಕನು ಮುಗ್ಗರಿಸುತ್ತಾನಷ್ಟೆ. ನೆಲಕ್ಕೆ ಬಿದ್ದ ಪಿಸ್ತೂಲು ನಿಂತರೂ ಅದರೊಳಗಿನ ಫೈರಿಂಗ್ ಪಿನ್ ಎಂಬ ಪುಟ್ಟ ಮೊಳೆ ಹಾಗೆಯೇ ಮುಂದೊತ್ತಿ ತೋಟಾವನ್ನು ಕುಟ್ಟಬಹುದು. ಆ ಮೊಳೆಗೆ ಅಡ್ಡಲಾಗಿ, ಟ್ರಿಗರ್ ಎಳೆದಾಗ ಮಾತ್ರ ಸರಿಯುವ ತಡೆಯೊಂದನ್ನಿಟ್ಟರೆ ಈ ಭಯ ಬಹುಮಟ್ಟಿಗೆ ನೀಗುತ್ತದೆ. ಇದೇನೂ ದುಬಾರಿಯ ಉಪಾಯವಲ್ಲ. ಐವರ್ ಜಾನ್ಸನ್ ಕಂಪೆನಿಯು 1890ರ ದಶಕದಲ್ಲಿಯೇ ತನ್ನ ಅಗ್ಗದ ರಿವಾಲ್ವರುಗಳಲ್ಲಿ ಇದೇ ಉದ್ದೇಶದ ಒಂದು ಉಕ್ಕಿನ ತುಂಡನ್ನು ಅಳವಡಿಸಿ, ಸುತ್ತಿಗೆಯಿಂದ ಹೊಡೆದರೂ ಹಾರದೆಂದು ಜಾಹೀರಾತು ಮಾಡಿತ್ತು. ಹೆಸರಾಂತ ರೂಗರ್ ಕಂಪೆನಿಯು ಅಂಥದನ್ನು ತನ್ನ ಕೌಬಾಯ್ ಮಾದರಿಯ ರಿವಾಲ್ವರುಗಳಿಗೆ ಸೇರಿಸಿದುದು 1973ರಲ್ಲಿ! ಬ್ರೆಜಿಲ್ ದೇಶದ ಟಾರಸ್ ಪಿಸ್ತೂಲುಗಳ ಕೆಲವು ಮಾದರಿಗಳು ಬಿದ್ದರೆ ಹಾರುತ್ತವೆಂಬ ದಾವೆ 2015ರಲ್ಲಿ ರಾಜಿಯಾಯಿತು; ಅವು ಅಗ್ಗದವು. 2017ರಲ್ಲಿ ಇದೇ ದೂರಿನ ಮೇಲೆ ಬದಲಾವಣೆಗೆ ಒಳಗಾದ ಸಿಗ್ ಪಿ-320 ಅಗ್ಗದ್ದಲ್ಲ.

ಹೀಗಿರಲು, ಬೆಲೆಯನ್ನೂ ಕರಗುವ ಬಿಂದುವನ್ನೂ ಬದಿಗಿಟ್ಟು ಆಯುಧವನ್ನೇ ಪರೀಕ್ಷಿಸುವುದು ಯುಕ್ತ. ಕ್ಯಾಲಿಫೋರ್ನಿಯ 1999ರಲ್ಲಿ ಮಾಡಿದ ಕಾನೂನು ಈ ದಾರಿಯಲ್ಲಿದೆ: ಒಂದು ಮೀಟರಿಗಿಂತ ಒಂದು ಸೆಂಟಿಮೀಟರ್ ಹೆಚ್ಚಿನ ಎತ್ತರದಿಂದ ಕಾಂಕ್ರೀಟಿನ ಮೇಲೆ ಆರು ಭಂಗಿಗಳಲ್ಲಿ ಬೀಳಿಸಬೇಕು, 600 ಸುತ್ತು ಹಾರಿಸುವಾಗ ಆರಕ್ಕಿಂತ ಹೆಚ್ಚು ಸಲ ತೊಡಕಬಾರದು. ಪರೀಕ್ಷೆಯ ನೆಪದಲ್ಲಿ ಮಾರಾಟವನ್ನೇ ಅಡಗಿಸುತ್ತಾರೆಂಬ ಆಕ್ಷೇಪ ಹುರುಳಿಲ್ಲದ್ದಲ್ಲ. ತೋಟಾದ ಮೇಲೆ ಸೂಕ್ಷ್ಮ ಗುರುತು ಒತ್ತುವ ಏರ್ಪಾಡು ಇರಲೇಬೇಕೆಂದು ಅದೇ ರಾಜ್ಯವು 2013ರಲ್ಲಿ ಜಾರಿಗೊಳಿಸಿದಾಗ ಹೊಸ ಪಿಸ್ತೂಲುಗಳ ಪ್ರವೇಶವೇ ವರ್ಷಗಟ್ಟಲೆ ನಿಂತಿತು. ಆದರೆ ಬೀಳಿಸಿ ನೋಡುವುದನ್ನು ಯಾವ ಪ್ರಾಮಾಣಿಕ ತಯಾರಕನು ತಾನೆ ವಿರೋಧಿಸಿಯಾನು? 1972ರಲ್ಲಿ ಸ್ಥಾಪಿತವಾದ ಬಳಕೆದಾರರ ವಸ್ತು ಸುರಕ್ಷತಾ ಆಯೋಗಕ್ಕೆ ಆಟಿಕೆಯ ಬಂದೂಕಿನ ಮೇಲೆ ಅಧಿಕಾರವುಂಟು, ನಿಜವಾದುದರ ಮೇಲೆ ಇಲ್ಲ. ಈ ವಿನಾಯಿತಿ ತೆಗೆದುಹಾಕಲರ್ಹವಾದುದು.

ಅಮೆರಿಕದಲ್ಲಿ ನೆಲೆಸಿದ ನಮ್ಮ ಕನ್ನಡಿಗರ ಪೈಕಿ ತಾತ್ಕಾಲಿಕ ವೀಸಾದವರಿಗೆ ಆಯುಧ ಹೊಂದುವುದು ಸಾಮಾನ್ಯವಾಗಿ ನಿಷಿದ್ಧ. ಕಾಯಂ ನಿವಾಸಿಗಳಿಗೆ ಅವಕಾಶವುಂಟು. ಕೊಳ್ಳುವ ಯೋಚನೆಯುಳ್ಳವರು ಮತ್ತೊಂದು ಲೆಕ್ಕವನ್ನೂ ನೋಡಬೇಕು. 2021ರಲ್ಲಿ ಆ ದೇಶದಲ್ಲಿ ಗುಂಡಿನಿಂದ ಮಡಿದ 48,830 ಮಂದಿಯಲ್ಲಿ 26,328 ಮಂದಿಯದು ಆತ್ಮಹತ್ಯೆ. ಕ್ಯಾಲಿಫೋರ್ನಿಯದ 2 ಕೋಟಿ 60 ಲಕ್ಷ ವಯಸ್ಕರನ್ನು ಕುರಿತು 2020ರಲ್ಲಿ ಪ್ರಕಟವಾದ ಅಧ್ಯಯನದಂತೆ, ಪಿಸ್ತೂಲು ಹೊಂದಿದ ಪುರುಷರಲ್ಲಿ ಇಂಥ ಸಾವು ಇತರ ಪುರುಷರಿಗಿಂತ ಸುಮಾರು 8 ಪಟ್ಟು, ಸ್ತ್ರೀಯರಲ್ಲಿ 35 ಪಟ್ಟು. ಬೀಳಿಸುವ ಪರೀಕ್ಷೆಯಲ್ಲಿ ತೇರ್ಗಡೆಯಾದ ಪಿಸ್ತೂಲೂ ಈ ಲೆಕ್ಕದಿಂದ ಹೊರಗುಳಿಯುವುದಿಲ್ಲ. ಎರಡನೆಯ ಆಯುಧಕ್ಕೆಂದು ತೆಗೆದಿಟ್ಟ 200 ಡಾಲರುಗಳಲ್ಲಿ, ಮೊದಲನೆಯದನ್ನಿಟ್ಟು ಬೀಗ ಹಾಕುವುದಕ್ಕೆ ಒಂದು ಗಟ್ಟಿಯಾದ ಉಕ್ಕಿನ ಪೆಟ್ಟಿಗೆ ಬರುತ್ತದೆ. ಪಿಸ್ತೂಲಿನೊಡನೆ ಬೀಗವನ್ನೋ ಅಂಥ ಸಾಧನವನ್ನೋ ಅಂಗಡಿಯವನು ಕೊಡಲೇಬೇಕೆಂದು 2005ರ ಕೇಂದ್ರ ಕಾನೂನು ವಿಧಿಸುತ್ತದೆ; ಕೊಂಡವನು ಅದನ್ನು ಹಾಕಲೇಬೇಕೆಂದು ಆ ಕಾನೂನಿನಲ್ಲಿ ಹೇಳಿಲ್ಲ.