ಹೆಡ್‌ಮಾಸ್ಟರೋ, ಪ್ರಿನ್ಸಿಪಾಲರೋ?

ಹೈಸ್ಕೂಲು ಮುಗಿಸಿ ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗನಿಗೆ ಹೆಡ್‌ಮಾಸ್ಟರು ಮರೆಯಾಗಿ ಪ್ರಿನ್ಸಿಪಾಲರು ಎದುರಾಗುತ್ತಾರೆ. ಪ್ರಿನ್ಸಿಪಾಲರೆಂದರೆ ಹೆಡ್‌ಮಾಸ್ಟರಿಗಿಂತ ಒಂದು ಕೈ ಮೇಲು ಎಂಬ ಭಾವನೆ ನಮ್ಮಲ್ಲಿ ಹೀಗೆಯೇ ಬೇರೂರಿದೆ. ಜೂನಿಯರ್ ಕಾಲೇಜಿನ ಜೊತೆ ಒಂದೇ ಆವರಣದಲ್ಲಿರುವ ಸರ್ಕಾರಿ ಹೈಸ್ಕೂಲಿನ ಮುಖ್ಯಸ್ಥರನ್ನು ಉಪಪ್ರಾಂಶುಪಾಲರೆಂದು ಕರೆಯುವುದೂ ಉಂಟು.

ಹೊರದೇಶಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅಮೆರಿಕಾ, ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳಲ್ಲಿ ಅಕ್ಷರ ಕಲಿಯುವ ಮಕ್ಕಳ ಶಾಲೆಗೂ ಪ್ರಿನ್ಸಿಪಾಲರೇ. ಇಂಗ್ಲೆಂಡಿನ ಹಳೆಯ ಖಾಸಗಿ ಶಾಲೆಗಳಲ್ಲಿ ಹೆಡ್‌ಮಾಸ್ಟರು ಇನ್ನೂ ಇದ್ದಾರೆ. ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಗಂಡಸಿಗೂ ಹೆಂಗಸಿಗೂ ಒಪ್ಪುವ ‘ಹೆಡ್‌ಟೀಚರ್’ ಎಂಬ ಮಾತು ರೂಢಿಯಾಗಿದೆ. ಸ್ಕಾಟ್ಲೆಂಡಿನ ಕೆಲವು ಹಳೆಯ ಶಾಲೆಗಳಲ್ಲಿ ಮುಖ್ಯಸ್ಥರು ‘ರೆಕ್ಟರ್’. ಅದೇ ನಾಡಿನ ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ಮಾತ್ರ ರೆಕ್ಟರ್ ಎಂದರೆ ವಿದ್ಯಾರ್ಥಿಗಳು ಮತ ಹಾಕಿ ಆರಿಸುವ ಪ್ರತಿನಿಧಿ. 2014ರಲ್ಲಿ ಅವರು ಆರಿಸಿದ್ದು ಅಮೆರಿಕಾ ಬಿಟ್ಟು ರಷ್ಯದಲ್ಲಿ ಆಶ್ರಯ ಪಡೆದಿದ್ದ ಎಡ್ವರ್ಡ್ ಸ್ನೋಡೆನ್‌ರನ್ನು. (ಈ ಪದ್ಧತಿ ನಮ್ಮ ಕಾಲೇಜಿಗೂ ಬರಲೆಂದು ನಾನು ಬೇಡುತ್ತಿಲ್ಲ.) ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನ ಮುಖ್ಯಸ್ಥರು ‘ವಾರ್ಡನ್’, ನಮ್ಮಲ್ಲಿ ವಾರ್ಡನ್ ಎಂದೊಡನೆ ಹಾಸ್ಟೆಲಿನ ಸಾರು ನೆನಪಾಗುತ್ತದೆ!

ಹೆಸರುಗಳ ಈ ಸಂತೆಯಲ್ಲಿ ನನ್ನ ಮನಸ್ಸನ್ನು ಕೆಣಕಿದ ಸಂಗತಿ ಬೇರೆ. ‘ಪ್ರಿನ್ಸಿಪಾಲ್’ ಎಂಬುದು ಮೂಲತಃ ವಿಶೇಷಣ. ಪ್ರಧಾನ ಎಂದಷ್ಟೇ ಅದರ ಅರ್ಥ. ಅಮೆರಿಕಾದಲ್ಲಿ ಮೊದಲು ‘ಪ್ರಿನ್ಸಿಪಾಲ್ ಟೀಚರ್’ ಎನ್ನುತ್ತಿದ್ದರು, ಅಂದರೆ ತಾವೂ ಪಾಠ ಹೇಳುತ್ತ ಉಳಿದವರನ್ನು ನೋಡಿಕೊಳ್ಳುವ ಉಪಾಧ್ಯಾಯರು. ಶಾಲೆಗಳು ದೊಡ್ಡವಾದಂತೆ ‘ಟೀಚರ್’ ಉದುರಿತು. ಅದರೊಡನೆ ಪಾಠವೂ ಬಹುಮಟ್ಟಿಗೆ ಉದುರಿತು. ಇಂಗ್ಲೆಂಡಿನಲ್ಲಿ ಹಲವು ಶಾಲೆಗಳನ್ನು ಒಟ್ಟಿಗೆ ನಡೆಸುವ ಟ್ರಸ್ಟುಗಳು ಈಗ ಕಂಪನಿಗಳಂತೆ ‘ಚೀಫ್ ಎಕ್ಸಿಕ್ಯೂಟಿವ್’ರನ್ನು ಇಟ್ಟುಕೊಂಡಿವೆ. ಆ ಹೆಸರಿನಲ್ಲಿ ಸೀಮೆಸುಣ್ಣದ ಧೂಳು ಎಲ್ಲಿದೆ?

ಕನ್ನಡದ ‘ಮುಖ್ಯೋಪಾಧ್ಯಾಯ’ ಎಂಬ ಮಾತಿನಲ್ಲಿ ಉಪಾಧ್ಯಾಯ ಇನ್ನೂ ಇದ್ದಾನೆ. ‘ಪ್ರಾಚಾರ್ಯ’ದಲ್ಲಿ ಆಚಾರ್ಯನಿದ್ದಾನೆ. ‘ಪ್ರಾಂಶುಪಾಲ’ದಲ್ಲಿ ಪಾಲಿಸುವವನಿದ್ದಾನೆ, ಕಲಿಸುವವನಿಲ್ಲ. ಆದುದರಿಂದ ಕಾಲೇಜಿಗೆ ಪ್ರಾಚಾರ್ಯರೆಂಬ ಹೆಸರೇ ಮೇಲೆಂದು ನನ್ನ ಅಭಿಪ್ರಾಯ.

ಹೆಸರು ಉಳಿದ ಮಾತ್ರಕ್ಕೆ ಕೆಲಸವೂ ಉಳಿಯಿತೆನ್ನಲು ನನಗೆ ಧೈರ್ಯವಿಲ್ಲ. ಹಳ್ಳಿಯ ಶಾಲೆಯ ಮುಖ್ಯೋಪಾಧ್ಯಾಯರು ಬಿಸಿಯೂಟದ ಅಕ್ಕಿ, ಹಾಲಿನ ಪುಡಿ, ಮೊಟ್ಟೆಗಳ ಲೆಕ್ಕ ಬರೆದು, ಮೇಲಿನವರು ಕೇಳಿದ ಮಾಹಿತಿ ಕಳುಹಿಸಿ, ಮಿಕ್ಕ ವೇಳೆಯಲ್ಲಿ ಮಗ್ಗಿ ಹೇಳಿಸಬೇಕು. ಅವರನ್ನು ದೂರಲಾರೆ. ನಮ್ಮಂಥ ಕಾಲೇಜುಗಳಲ್ಲಾದರೋ ಗುಮಾಸ್ತರಿದ್ದಾರೆ, ಸೂಪರಿಂಟೆಂಡೆಂಟರಿದ್ದಾರೆ. ಮುಂದಿನ ವರ್ಷದ ಟೈಮ್‌ಟೇಬಲಿನಲ್ಲಿ ಪ್ರಾಚಾರ್ಯರ ಹೆಸರಿನಲ್ಲಿ ವಾರಕ್ಕೊಂದಾದರೂ ಪೀರಿಯಡ್ಡು ಇರಲಿ, ಅದೂ ಮೊದಲ ವರ್ಷದ ತರಗತಿಗೆ. ಈಗ ನಾವು ಅವರನ್ನು ಕಾಣುವುದು ದಂಡ ಕಟ್ಟುವಾಗ, ಇಲ್ಲವೇ ಸಹಿ ಬೇಕಾದಾಗ.